ಬಾಂಬ್ ಭಾಗೀರಥಿಯ ಯುದ್ಧವಾರ್ತೆ

ನವೆಂಬರ್ 29, 2008, ಶನಿವಾರ
ವಿಜಯವಾಡ

ಬುಧವಾರ ಹಚ್ಚಿದ ಟಿವಿ ಇನ್ನೂ ಆರಿಲ್ಲ. ಮುಂಬೈಯ ಹೋಟೆಲಿನ ಕಿಟಕಿಗಳಿಂದ ಹೊಗೆ ಬರುವುದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು. ಇಂದು ಬೆಳಿಗ್ಗೆ ಎಲ್ಲ ಮುಗಿಯಿತು ಎಂದರು. ಮುಗಿದ ಮೇಲೂ ಜನರಲ್ ಆರಿಸಲಿಲ್ಲ. ಸೋಫಾದ ತುದಿಯಲ್ಲಿ ಕೂತು, ಚವಳಿಕಾಯಿಯ ನಾರು ತೆಗೆಯುತ್ತ, ಇನ್ನು ಯುದ್ಧವೇ ಎಂದು ಟಿವಿಯಲ್ಲಿ ಕೂಗುವವನನ್ನು ನೋಡುತ್ತಿದ್ದರು.

ಜನರಲ್ ಎಂದರೆ ನಮ್ಮತ್ತೆ, ಸೂರ್ಯಕಾಂತಮ್ಮ. ಹೆಸರು ನಾನಿಟ್ಟದ್ದು, ಎದುರಿಗೆ ಅವರು ಅತ್ತಯ್ಯ. ಪಟಮಟದ ಈ ಮನೆಯಲ್ಲಿ ಉಪ್ಪಿನ ಡಬ್ಬಿ ಗೇಣು ಸರಿದರೂ ಅವರಿಗೆ ವರದಿ ಹೋಗಬೇಕು. ಮಗ ಫಣೀಂದ್ರ ವಿಶಾಖಪಟ್ಟಣದಲ್ಲಿ ಹಡಗು ರಿಪೇರಿಯ ಖಾಸಗಿ ಕಂಪನಿಯೊಂದರಲ್ಲಿ ಎಂಜಿನಿಯರು. ತಿಂಗಳಿಗೆ ಎರಡು ಸಲ ಬಂದರೆ ಹೆಚ್ಚು. ದಾವಣಗೆರೆಯಲ್ಲಿ ಓದುವಾಗ ನನ್ನ ಹಿಂದೆ ಸುತ್ತಿ ಮದುವೆಯಾದ ಗಂಡ ಈಗ ಫೋನಿನಲ್ಲಷ್ಟೇ ಇದ್ದಾನೆ. ನಾನು ಗವರ್ನರ್‌ಪೇಟೆಯ ಆಸ್ಪತ್ರೆಯೊಂದರಲ್ಲಿ ರೋಗಿಗಳ ವಿವರವನ್ನು ಕಂಪ್ಯೂಟರಿಗೆ ತುಂಬುತ್ತೇನೆ. ದಿನವೆಲ್ಲ ತೆಲುಗು, ಮನೆಗೆ ಬಂದರೆ ಇನ್ನಷ್ಟು ತೆಲುಗು. ಕನ್ನಡವಿರುವುದು ಈ ಡೈರಿಯಲ್ಲಿ ಮತ್ತು ‘ಸಂಜೀ ಚಹಾ’ ಎಂಬ ಇಂಟರ್ನೆಟ್ಟಿನ ಹರಟೆಯ ತಾಣದಲ್ಲಿ.

ಇಂದು ಮಧ್ಯಾಹ್ನ ಅಲ್ಲಿ ಹೊಸದೊಂದು ಶುರು ಮಾಡಿದೆ. ಹೆಸರು ಬಾಂಬ್ ಭಾಗೀರಥಿ.

“ನಮಸ್ಕಾರ್ರಿ. ಯುದ್ಧವಾರ್ತೆ, ಓದಾಕತ್ತಾಕಿ ಬಾಂಬ್ ಭಾಗೀರಥಿ. ಇವತ್ತು ಮುಂಜಾನಿ ಟಿವಿಯವರು ಯುದ್ಧ ಶುರು ಮಾಡ್ಯಾರ. ಸೈನ್ಯದವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಗಡಿ ಕಾಯಾಕ ನಮ್ಮ ಮನೀ ಜನರಲ್ ಒಬ್ಬರು ಸಾಕು. ಅಡಗಿಮನೀ ಗಡಿ ದಾಟಿ ಇಲ್ಲೀತನಕ ಒಂದು ಬೆಕ್ಕೂ ಒಳಗ ಬಂದಿಲ್ಲ.”

ನನ್ನ ರಾಣೆಬೆನ್ನೂರಿನ ಮಾತಿನಲ್ಲೇ ಬರೆದೆ. ಬರೆಯುತ್ತ ಒಬ್ಬಳೇ ನಕ್ಕೆ. ಜನರಲ್ ಬಾಗಿಲಲ್ಲಿ ಬಂದು ನಿಂತು ನೋಡಿ ಹೋದರು.

ಡಿಸೆಂಬರ್ 2, ಮಂಗಳವಾರ

ಎಂತೆಂಥ ಉತ್ತರಗಳು! ಬೆಳಗಾವಿಯಿಂದ, ಮಸ್ಕತ್‌ನಿಂದ, ಯಾವುದೋ ದೇಶದ ಹಗಲಿನಿಂದ. ಅಮೂಲ್ಯಾ ಎನ್ನುವವಳು, “ಮೂರು ದಿನದಿಂದ ಅತ್ತಿದ್ದೆ, ಇವತ್ತು ನಗಿಸಿದ್ರಿ” ಎಂದು ಬರೆದಿದ್ದಾಳೆ. ಅದನ್ನು ನಾಲ್ಕು ಸಲ ಓದಿದೆ.

ಆಸ್ಪತ್ರೆಯಲ್ಲಿ ನನ್ನನ್ನು ಕರೆಯುವುದು “ಕನ್ನಡ ಅಮ್ಮಾಯಿ”, ಕನ್ನಡದ ಹುಡುಗಿ, ಎಂದು. ತೆಲುಗಿನಲ್ಲಿ ನಾನು ಹೇಳಿದ ಯಾವುದಕ್ಕೂ ಯಾರೂ ನಕ್ಕಿಲ್ಲ. ನಕ್ಕಿದ್ದರೆ ಅದು ನನ್ನ ಉಚ್ಚಾರಕ್ಕೆ.

ಇಂದಿನ ವಾರ್ತೆಯಲ್ಲಿ ಎರಡೂ ದೇಶದವರು ಕ್ಷಿಪಣಿಗೆ ನಿಂಬೆಹಣ್ಣು ಕಟ್ಟಿಸಿದರು. ಜನ ಇನ್ನೂ ಬೇಕು ಎನ್ನುತ್ತಿದ್ದಾರೆ.

ಡಿಸೆಂಬರ್ 7, ಭಾನುವಾರ
ವಿಶಾಖಪಟ್ಟಣ

ರಜೆ ಹಾಕಿ ಬಂದೆ. ಗಾಜುವಾಕದಲ್ಲಿರುವ ಫಣಿಯ ಕೋಣೆಯಲ್ಲಿ ಒಂದು ಚಾಪೆ, ಒಂದು ಸ್ಟೋವು, ಒಗೆಯದ ಬಟ್ಟೆಯ ಗುಡ್ಡ. ಸಮುದ್ರದ ದಂಡೆಗೆ ಹೋದೆವು. ದಂಡೆಯುದ್ದಕ್ಕೂ ಬಂದೂಕು ಹಿಡಿದ ಪೊಲೀಸರಿದ್ದರು. ಕಡಲೆಕಾಯಿ ಮಾರುವವನ ಬುಟ್ಟಿಯನ್ನೂ ಕೆದಕಿ ನೋಡಿದರು. ದೂರದಲ್ಲಿ ಬೂದುಬಣ್ಣದ ಹಡಗುಗಳು ಅಲ್ಲಾಡದೆ ನಿಂತಿದ್ದವು.

ಊಟ ಶಂಕರಪ್ಪನವರ ಮನೆಯಲ್ಲಿ. ಇವನ ಕಂಪನಿಯ ಹಿರಿಯ ಫಿಟ್ಟರ್ ಅವರು, ಮುಳಬಾಗಿಲಿನ ಕಡೆಯವರು. ಹೆಂಡತಿ ಕಮಲಾ ಮುದ್ದೆ, ಸೊಪ್ಪಿನ ಸಾರು ಮಾಡಿದ್ದರು.

“ನಮ್ ಮುದ್ದೆ ನಿಮ್ಗಾಯ್ತದೋ ಇಲ್ವೋ ಅಮ್ಮಾ,” ಎಂದರು.

“ಯಾಕ ಆಗಂಗಿಲ್ರೀ, ಹಾಕ್ರಿ,” ಎಂದೆ.

ಶಂಕರಪ್ಪ ತಟ್ಟೆಯ ಮುಂದೆ ಕೂತವರು ನಕ್ಕುಬಿಟ್ಟರು. “ಕಮಲಾ, ಕೇಳಿದ್ಯಾ? ಅವ್ರು ಮಾತಾಡಿದ್ರೆ ಬಯ್ದಂಗಿರ್ತದೆ, ಆದ್ರೆ ಎಷ್ಟ್ ಚೆಂದಾಗೈತೆ! ಇನ್ನೊಂದಷ್ಟ್ ಮಾತಾಡಮ್ಮಾ. ಈ ಊರಾಗೆ ಕನ್ನಡ ಕೇಳಿ ಎಷ್ಟ್ ಕಾಲಾತು.”

ಕೈ ತೊಳೆಯುವ ತನಕ ಮಾತಾಡಿದೆ. ಹೊರಡುವಾಗ ಕಮಲಾ ಅರಿಶಿನ ಕುಂಕುಮ ಕೊಟ್ಟು, ಒಂದು ಪೊಟ್ಟಣ ಹುರುಳಿಕಾಳು ಕೈಗಿಟ್ಟರು. ಇವರ ಮುದ್ದೆಯನ್ನು ಫಿರಂಗಿಯ ಗುಂಡು ಮಾಡಿ ಒಂದು ವಾರ್ತೆ ಬರೆಯಬಹುದು.

ಡಿಸೆಂಬರ್ 14, ಭಾನುವಾರ
ವಿಜಯವಾಡ

ಫಣಿ ನಿನ್ನೆ ಬಂದವನು ಇಂದು ಮಧ್ಯಾಹ್ನ ಹೋದ. ಮನೆಗೆಂದು ಬಂದದ್ದಲ್ಲ, ಇಲ್ಲಿಯ ಆಟೋನಗರಕ್ಕೆ. ಚೀಲದಲ್ಲಿ ಗೋಣಿತಟ್ಟು ಸುತ್ತಿದ ಒಂದು ಕಬ್ಬಿಣದ ತುಂಡು. ರಿಪೇರಿಗೆ ಬಂದ ದೊಡ್ಡ ಯುದ್ಧನೌಕೆಯೊಂದರ ಪಂಪಿನ ಸವೆದ ವಾಲ್ವಂತೆ. ಹೊಸದಾಗಿ ತರಿಸಿದ್ದು ಅಳತೆ ತಪ್ಪಿ ಬಂದಿದೆ. ಇನ್ನೊಂದನ್ನು ತರಿಸಲು ತಿಂಗಳುಗಟ್ಟಲೆ ಬೇಕು. ಅದಕ್ಕೆ ಮ್ಯಾನೇಜರ್ ರಾಮಮೋಹನ್ ಗುಟ್ಟಾಗಿ ಇವನನ್ನೂ ಶಂಕರಪ್ಪನವರನ್ನೂ ಕರೆದು, ಆಟೋನಗರದ ಲಾರಿ ಭಾಗ ಕಡೆಯುವ ಲೇತಿನಲ್ಲಿ ಒಂದು ಮಾಡಿಸಿ ತನ್ನಿ ಎಂದಿದ್ದಾರೆ.

“ಲೇತಿನವನು ಏನಂದ ಗೊತ್ತಾ? ಸಂಕ್ರಾಂತಿ ಆದ ಮೇಲೆ ಬನ್ನಿ ಅಂದ,” ಎಂದು ಫಣಿ ತನ್ನ ಹರಕು ಕನ್ನಡದಲ್ಲಿ ಹೇಳಿ ಹೊಟ್ಟೆ ಹಿಡಿದು ನಕ್ಕ. “ಯುದ್ಧ ಬಂದರೂ ಸಂಕ್ರಾಂತಿ ತನಕ ಕಾಯಬೇಕು! ಯಾರಿಗೂ ಹೇಳಬೇಡ ಹೇಮಾ, ಮಾಲು ಹೊರಗೆ ತಂದದ್ದು ತಿಳಿದರೆ ನಮ್ಮ ಮೂವರ ಉದ್ಯೋಗವೂ ಹೋಗುತ್ತೆ.”

ಅವನು ರೈಲಿಗೆ ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂತೆ. ಹೆಸರಿಲ್ಲ, ವಿಳಾಸವಿಲ್ಲ, ಯಾವ ಹಡಗೆಂದಿಲ್ಲ. ತಮಾಷೆ ಅಷ್ಟೇ.

“ವಿಶೇಷ ವಾರ್ತೆ. ವಿಶಾಖಪಟ್ಟಣದೊಳಗ ನಮ್ಮ ದೊಡ್ಡ ಯುದ್ಧನೌಕೆಯೊಂದು ಕುಂತಲ್ಲೇ ಕುಂತೈತಿ. ನೀರೆಳಿಯೋ ಪಂಪಿನ ವಾಲ್ವು ಸವದು ವಿಜಯವಾಡದ ಆಟೋನಗರಕ್ಕ ಬಂದೈತಿ. ಲಾರಿ ರಿಪೇರಿ ಮೇಸ್ತ್ರಿ ‘ಸಂಕ್ರಾಂತಿ ಆದಮ್ಯಾಲ ಬರ್ರಿ’ ಅಂದಾನ. ಅದಕ್ಕ ವೈರಿಗಳಲ್ಲಿ ವಿನಂತಿ: ಬಾಂಬ್ ಹಾಕೋದಿದ್ರ ಸಂಕ್ರಾಂತಿಯೊಳಗ ಬಂದು ಹಾಕಿ ಹೋಗ್ರಿ. ಆಮ್ಯಾಲ ಹಡಗು ಮನ್ಯಾಗ ಇರಂಗಿಲ್ಲ. ಚಹಾದ ಖರ್ಚು ನಮ್ದು.”

ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ.

ಡಿಸೆಂಬರ್ 17, ಬುಧವಾರ

ಇದಕ್ಕೆ ಬಂದಷ್ಟು ಉತ್ತರ ಯಾವುದಕ್ಕೂ ಬಂದಿರಲಿಲ್ಲ. ‘ದೀಪಸ್ತಂಭ’ ಎಂಬ ಹೆಸರಿನವನೊಬ್ಬ ನನಗೊಬ್ಬಳಿಗೇ ಕಾಣುವಂತೆ ಬರೆದಿದ್ದಾನೆ. ಭಾಷೆ ಬಹಳ ಮರ್ಯಾದೆಯದು. “ತಾಯೀ, ನಿಮ್ಮ ಹಾಸ್ಯಕ್ಕೆ ಶರಣು. ಇದರಲ್ಲಿ ಎಷ್ಟು ನಿಜ, ಎಷ್ಟು ಕಲ್ಪನೆ? ಹಡಗು ಒಂದೋ, ಎರಡೋ?”

“ಒಂದಕ್ಕ ವಾಲ್ವಿಲ್ಲ, ಎರಡನೇದಕ್ಕ ಎಲ್ಲಿಂದ ತರೋಣ್ರೀ?” ಎಂದೆ.

“ಹಾಗಾದರೆ ಒಂದು ನಿಜ ಅನ್ನಿ. ಮನೆಯವರು ಅಲ್ಲೇ ಕೆಲಸವೋ?”

“ಮನೆಯವರು ಮನೀಗೇ ಬರಂಗಿಲ್ಲ, ಅಷ್ಟು ಕೆಲಸ,” ಎಂದೆ. ನಗುವ ಗುರುತು ಹಾಕಿದ.

ನನ್ನ ಬರವಣಿಗೆಯನ್ನು ಇಷ್ಟು ಸೂಕ್ಷ್ಮವಾಗಿ ಓದುವವರು ಈವರೆಗೆ ಸಿಕ್ಕಿರಲಿಲ್ಲ. ಇವನು ಯಾರೋ ನಿವೃತ್ತ ಮೇಷ್ಟ್ರಿರಬೇಕು.

ಡಿಸೆಂಬರ್ 22, ಸೋಮವಾರ

ಆಸ್ಪತ್ರೆಯಲ್ಲಿದ್ದಾಗ ತಮ್ಮ ನಂದೀಶ್ ರಾಣೆಬೆನ್ನೂರಿನಿಂದ ಫೋನು ಮಾಡಿದ.

“ಅಕ್ಕಾ, ಭಾವಾರು ಆರಾಮ ಅದಾರಿಲ್ಲ?”

“ಯಾಕೋ? ಏನಾತು?”

“ವಿಶಾಖಪಟ್ಟಣದ ಮ್ಯಾಲೆ ಬಾಂಬ್ ಹಾಕ್ತಾರಂತ. ಸಂಕ್ರಾಂತಿಯೊಳಗ. ಅಲ್ಲಿ ಹಡಗು ಕೆಟ್ಟು ಕುಂತಾವಂತ, ಒಳಗಿನವರೇ ಯಾರೋ ವೈರಿಗಳಿಗೆ ಬರದು ತಿಳಿಸ್ಯಾರಂತ. ನಮ್ಮ ಆಫೀಸಿನ್ಯಾಗ ಎಲ್ಲಾರಿಗೂ ಮೇಲ್ ಬಂದೈತಿ. ಅವ್ವ ಮುಂಜಾನಿಂದ ಉಂಡಿಲ್ಲ.”

ನನಗೂ ಕಳಿಸು ಎಂದೆ. ಕಳಿಸಿದ. ತೆರೆದು ನೋಡಿದೆ. ನನ್ನದೇ. ಆದರೆ ಭಾಗೀರಥಿ ಇಲ್ಲ, ನಮಸ್ಕಾರ್ರಿ ಇಲ್ಲ, ಮೇಸ್ತ್ರಿಯೂ ಇಲ್ಲ, ಚಹಾ ಇಲ್ಲ. ಕೈಯಿಂದ ಕೈಗೆ ಹೋಗುತ್ತ ಒಬ್ಬೊಬ್ಬರು ಒಂದೊಂದು ನಗೆಯನ್ನು ಕಿತ್ತು ಎಸೆದಿದ್ದಾರೆ. ಕೆಟ್ಟ ಹಡಗು, ಆಟೋನಗರ, ಸಂಕ್ರಾಂತಿಯೊಳಗೆ ಬಾಂಬು, ಇಷ್ಟೇ ಉಳಿದಿದೆ. ಮೇಲೆ ಕೆಂಪಕ್ಷರದಲ್ಲಿ, “ಎಲ್ಲರಿಗೂ ತಿಳಿಸಿ”.

“ಸುಳ್ಳು ಸುದ್ದಿ, ಅವ್ವಗ ಉಣ್ಣಾಕ ಹೇಳು,” ಎಂದೆ. ನಾನು ಬರೆದದ್ದೆಂದು ಹೇಳಲಿಲ್ಲ. ಹೇಳಿದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ.

ಡಿಸೆಂಬರ್ 26, ಶುಕ್ರವಾರ

ಫಣಿಯ ಫೋನು. ಮೇಲ್ ಅವರ ಕಂಪನಿಗೂ ಮುಟ್ಟಿದೆ. ಹಡಗಿನ ಮೇಲಧಿಕಾರಿಗಳು ಬಂದು ಗದ್ದಲ ಮಾಡಿದ್ದಾರೆ. ಕಂಪನಿಯಲ್ಲಿ ವಾಲ್ವಿನ ವಿಷಯ ಗೊತ್ತಿದ್ದವರು ಮೂವರು: ರಾಮಮೋಹನ್, ಫಣಿ, ಶಂಕರಪ್ಪ. ಬರೆದದ್ದು ಕನ್ನಡದಲ್ಲಿದೆ. ಮೂವರಲ್ಲಿ ಕನ್ನಡದವರು ಒಬ್ಬರೇ.

“ನಿನ್ನನ್ನ ಏನು ಕೇಳಿದರು?” ಎಂದೆ.

“ಯಾರಿಗೆ ಕನ್ನಡ ಬರೆಯೋಕೆ ಬರುತ್ತೆ ಅಂದರು. ಶಂಕರಪ್ಪಗಾರಿಗೆ ಅಂದೆ. ನಿಜವೇ ಅಲ್ಲವಾ?” ಆಮೇಲೆ, “ಹೇಮಾ, ನೀನು ಆ ಹರಟೆ ಇನ್ನೂ ಬರೀತೀಯಾ?” ಎಂದ.

“ಇಲ್ಲ, ಯಾವಾಗಲೋ ಬಿಟ್ಟೆ,” ಎಂದೆ.

“ಮಂಚಿದಿ,” ಎಂದ. ಒಳ್ಳೆಯದು ಎಂದು. ಮತ್ತೇನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಕಣ್ಣಲ್ಲಿ ನೀರು ಬಂತು.

ಡಿಸೆಂಬರ್ 28, ಭಾನುವಾರ
ವಿಶಾಖಪಟ್ಟಣ

ಶಂಕರಪ್ಪನವರನ್ನು ಬಿಟ್ಟರೆ ಕಂಪನಿಯಲ್ಲಿ ಆ ಕನ್ನಡ ಮೇಲ್ ಓದಬಲ್ಲವರಿಲ್ಲ. ಹೊರಗಿನವರನ್ನು ಕರೆದರೆ ವಿಷಯ ಇನ್ನಷ್ಟು ಹರಡುತ್ತದೆ. ನಿನ್ನ ಹೆಂಡತಿ ಕನ್ನಡದವಳಲ್ಲವೇ, ಕರೆಸು ಎಂದರಂತೆ ರಾಮಮೋಹನ್. ಬಾರದಿದ್ದರೆ ಯಾಕೆಂದು ಕೇಳುತ್ತಾರೆ. ಬಂದೆ.

ಕೋಣೆಯಲ್ಲಿ ರಾಮಮೋಹನ್ ಮತ್ತು ಭದ್ರತೆಯ ಅಧಿಕಾರಿ ದುರ್ಗಾಪ್ರಸಾದ್ ಇದ್ದರು. ದುರ್ಗಾಪ್ರಸಾದ್ ಸೈನ್ಯದಲ್ಲಿದ್ದವರು, ಕಾಫಿ ತರಿಸಿ “ತಗೊಳ್ಳಮ್ಮಾ” ಎಂದು ತಾವೇ ಎತ್ತಿ ಕೊಟ್ಟರು. ಫಣಿ ಗೋಡೆಗೆ ಒರಗಿ ನಿಂತ. ದುರ್ಗಾಪ್ರಸಾದ್ ಎರಡು ಹಾಳೆ ಮುಂದಿಟ್ಟರು. ಒಂದು ಹರಿದಾಡಿದ ಮೇಲ್. ಇನ್ನೊಂದು ಸಂಜೀ ಚಹಾದಿಂದಲೇ ತೆಗೆದದ್ದು, ಪೂರ್ತಿಯಾಗಿ, ಬಾಂಬ್ ಭಾಗೀರಥಿಯ ಹೆಸರಿನ ಸಮೇತ.

ಒಂದೊಂದು ಸಾಲು ಓದಿ ತೆಲುಗಿಗೆ ತಂದೆ. ತೆಲುಗಿನಲ್ಲಿ ಎಲ್ಲಿಯೂ ನಗು ಬರಲಿಲ್ಲ. “ವೈರಿಗಳಲ್ಲಿ ವಿನಂತಿ” ಎಂದಾಗ ರಾಮಮೋಹನ್ ಕಣ್ಣು ಮುಚ್ಚಿದರು. “ಚಹಾದ ಖರ್ಚು ನಮ್ದು” ಎಂದಾಗ ದುರ್ಗಾಪ್ರಸಾದ್, “ಖರ್ಚು ಅಂದರೆ? ಯಾರು ಯಾರಿಗೆ ಕೊಡುವುದು?” ಎಂದು ಕೇಳಿ ಬರೆದುಕೊಂಡರು.

“ಇದು ಹಾಸ್ಯ ಸರ್,” ಎಂದೆ.

“ನಿಮಗೆ ನಗು ಬಂತಾ ಅಮ್ಮಾ?”

“ಇಲ್ಲ,” ಎಂದೆ.

ಅವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, “ನಮ್ಮ ತೆಲುಗು ಕೇಳಿದರೆ ಇದು ಶ್ರೀಕಾಕುಳದ್ದು, ಇದು ಗುಂಟೂರಿನದು ಅಂತ ಹೇಳಿಬಿಡುತ್ತೇವೆ. ಈ ಮಾತು ಯಾವ ಊರಿನದು? ಬರೆದವನ ಊರು ಹೇಳಬಲ್ಲಿರಾ?” ಎಂದರು.

ಒಳಗ, ಬರ್ರಿ, ಐತಿ, ಆಮ್ಯಾಲ. ಒಂದೊಂದು ಪದದಲ್ಲೂ ನಮ್ಮವ್ವನ ದನಿ. ಮುಳಬಾಗಿಲಿನವರು ಸತ್ತರೂ ಹೀಗೆ ಬರೆಯುವುದಿಲ್ಲ. ಫಣಿ ನನ್ನನ್ನು ನೋಡಲಿಲ್ಲ, ನೆಲವನ್ನು ನೋಡಿದ.

“ಹೇಳಲಿಕ್ಕಾಗುವುದಿಲ್ಲ ಸರ್. ಕನ್ನಡ ಎಲ್ಲ ಕಡೆಯೂ ಒಂದೇ,” ಎಂದೆ.

ಹೊರಗೆ ಬಂದ ಮೇಲೆ ಫಣಿ ಹೋಟೆಲಿಗೆ ಕರೆದುಕೊಂಡು ಹೋದ. ಪೆಸರಟ್ಟು ದೋಸೆ ಚೆನ್ನಾಗಿತ್ತು. ಎರಡು ತಿಂದೆ.

ಡಿಸೆಂಬರ್ 29, ಸೋಮವಾರ

ರೈಲಿಗೆ ಹೊರಡುತ್ತಿದ್ದೆ. ಕಮಲಾ ಬಂದರು. ನಿನ್ನೆ ಸಂಜೆ ಶಂಕರಪ್ಪನವರನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಕೇಳಿ ಕಳಿಸುತ್ತೇವೆ ಎಂದವರು ಕಳಿಸಿಲ್ಲ. ಫಣಿ ಆಗಲೇ ಕೆಲಸಕ್ಕೆ ಹೋಗಿದ್ದ.

ಒಳಗೆ ಬನ್ನಿ ಎಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು, ಸೆರಗಿನಿಂದ ಒಂದು ಮಡಿಸಿದ ಹಾಳೆ ತೆಗೆದರು. ಅದೇ ಹಾಳೆ. ಮನೆ ಶೋಧಿಸಲು ಬಂದ ಪೊಲೀಸರು ಬಿಟ್ಟು ಹೋದದ್ದಂತೆ.

“ಅಮ್ಮಾ, ನಂಗೆ ಓದಾಕ್ ಬತ್ತದೆ. ಇದು ನಮ್ ಕಡೆ ಮಾತೇ ಅಲ್ಲ. ಅವ್ರು ‘ಬರ್ರಿ’ ಅಂತಾರಾ? ‘ಐತಿ’ ಅಂತಾರಾ? ಇದು ನಿಮ್ ಕಡೆ ಮಾತು. ನಿಮ್ಮೂರ್ ಕಡೆಯೋರು ಯಾರೋ ಬರ್ದವ್ರೆ.”

ನಾನು ಹಾಳೆ ತೆಗೆದುಕೊಂಡು, ಮಡಿಸಿ, ಅವರಿಗೇ ಮರಳಿ ಕೊಟ್ಟೆ.

“ಆಫೀಸಿನೋರು ನಿಮ್ಮನ್ನೇ ಕರ್ದು ಓದ್ಸಿದ್ರಂತೆ. ಇಷ್ಟೇ ಒಂದ್ ಮಾತ್ ಹೇಳ್ಬಿಡಿ ಅವ್ರಿಗೆ. ಈ ಮಾತು ಮುಳಬಾಗ್ಲೋರ್ದಲ್ಲ ಅಂತ. ನಾ ಹೇಳಿದ್ರೆ ಹೆಂಡ್ತಿ ಅಂತಾರೆ. ನೀವ್ ಹೇಳಿದ್ರೆ ಕೇಳ್ತಾರೆ. ಅವ್ರಿಗೆ ಶುಗರ್ ಐತೆ ಅಮ್ಮಾ, ಮಾತ್ರೆ ಕೊಡಾಕ್ ಹೋದ್ರೆ ಒಳಗ್ ಬಿಡ್ಲಿಲ್ಲ.”

“ಹೇಳ್ತೀನ್ರೀ,” ಎಂದೆ.

ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಟೋ ಬಂತು. ರೈಲು ಹೊತ್ತಿಗೆ ಸರಿಯಾಗಿ ಸಿಕ್ಕಿತು.

ಜನವರಿ 1, 2009, ಗುರುವಾರ
ವಿಜಯವಾಡ

ಸಂಜೀ ಚಹಾದಿಂದ ಭಾಗೀರಥಿಯನ್ನು ಅಳಿಸಿದೆ. ಎಲ್ಲ ವಾರ್ತೆಗಳು, ಉತ್ತರಗಳು, ಪಾಸ್‌ವರ್ಡು. ಅದಕ್ಕೂ ಮೊದಲು ದೀಪಸ್ತಂಭನನ್ನು ಹುಡುಕಿದೆ. ಆ ಹೆಸರಿನವರು ಯಾರೂ ಇಲ್ಲ ಎಂದು ತೋರಿಸಿತು.

ಮಧ್ಯಾಹ್ನ ಊಟಕ್ಕೆ ಪುಳಿಹೊರ.

ಜನವರಿ 5, ಸೋಮವಾರ

ಪಕ್ಕದ ಮನೆಯ ರಾಜ್ಯಲಕ್ಷ್ಮಿ ಬಂದು ಕೂತಿದ್ದರು. ತೆಲುಗು ಚಾನೆಲ್ಲೊಂದರಲ್ಲಿ ವೈಜಾಗಿನ ಸುದ್ದಿ ಬಂತು: ಹಡಗಿನ ಗುಟ್ಟು ಬಯಲು, ಕನ್ನಡ ಕಾರ್ಮಿಕನ ವಿಚಾರಣೆ. ಶಂಕರಪ್ಪನವರ ಮುಖಕ್ಕೆ ಟವೆಲ್ಲು ಮುಚ್ಚಿದ್ದರು. ನಡಿಗೆಯಿಂದ ಗುರುತು ಸಿಕ್ಕಿತು.

“ಬೇರೆ ರಾಜ್ಯದವರನ್ನು ಇಂಥಾ ಕಡೆ ಇಟ್ಟುಕೊಳ್ಳಲೇಬಾರದು,” ಎಂದರು ರಾಜ್ಯಲಕ್ಷ್ಮಿ. ಆಮೇಲೆ ನನ್ನ ಕಡೆ ನೋಡಿ, “ನಿನ್ನ ಬಗ್ಗೆ ಅಲ್ಲಮ್ಮಾ, ನೀನು ನಮ್ಮವಳೇ ಆಗಿಬಿಟ್ಟೆ,” ಎಂದು ನಕ್ಕರು.

ನಾನೂ ನಕ್ಕೆ. ಜನರಲ್ ನಗಲಿಲ್ಲ. ಎದ್ದು ಟಿವಿ ಆರಿಸಿದರು.

ಜನವರಿ 9, ಶುಕ್ರವಾರ

ಬೆಳಿಗ್ಗೆ ಫಣಿ ಫೋನು ಮಾಡಿದ. ಶಂಕರಪ್ಪ ಠಾಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದು ಆಸ್ಪತ್ರೆಯಲ್ಲಿದ್ದಾರೆ. ಬಾಗಿಲಿಗೆ ಕಾವಲು. ಒಪ್ಪಿಕೊಂಡುಬಿಡು, ಸುಲಭವಾಗುತ್ತದೆ ಎನ್ನುತ್ತಿದ್ದಾರಂತೆ. ಬಾಡಿಗೆ ಮನೆಯವರು ಕಮಲಾಗೆ ಮನೆ ಬಿಡಲು ಹೇಳಿದ್ದಾರೆ.

ಕೆಲಸಕ್ಕೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಅತ್ತಯ್ಯ ಬಂದು ಎದುರಿಗೆ ಕೂತರು. ಮೊರವನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು.

“ಆ ಕಂಪ್ಯೂಟರ್ ಮುಂದೆ ಕೂತು ಒಬ್ಬಳೇ ನಗುತ್ತಿದ್ದೆ. ಪರವಾಗಿಲ್ಲ, ಹುಡುಗಿಗೆ ನಮ್ಮ ಊರಲ್ಲಿ ಏನೋ ಒಂದು ಸಿಕ್ಕಿತು ಅಂದುಕೊಂಡಿದ್ದೆ. ಈಗ ಅದರ ಹತ್ತಿರ ಹೋಗುವುದೇ ಇಲ್ಲ. ವೈಜಾಗಿನ ಆ ಸುದ್ದಿ ಬಂದಾಗ ಎದ್ದು ಹೋಗುತ್ತೀ. ಏನಾಯಿತು ಹೇಮಾ?”

ಹೇಳಿದೆ. ತೆಲುಗಿನಲ್ಲಿ ಅಷ್ಟು ಉದ್ದ ಮಾತು ನಾನು ಆಡಿದ್ದು ಅದೇ ಮೊದಲು. ಪದ ಸಿಗದ ಕಡೆ ಕನ್ನಡದಲ್ಲೇ ಹೇಳಿದೆ. ಎಲ್ಲ ಮುಗಿದ ಮೇಲೆ,

“ನನ್ನ ಬಗ್ಗೆಯೂ ಬರೆದೆಯಾ?” ಎಂದರು.

“ಹೂಂ.”

“ಜನ ನಕ್ಕರಾ?”

“ನಕ್ಕರು.”

ಮೊರವನ್ನು ತಮ್ಮ ಕಡೆ ಎಳೆದುಕೊಂಡರು. ಕೈಬೆರಳು ಸುಮ್ಮನೆ ಕಲ್ಲು ಹುಡುಕುತ್ತಿತ್ತು. ಆಮೇಲೆ ಎದ್ದು, “ನಾಳೆ ರತ್ನಾಚಲ್ ಎಕ್ಸ್‌ಪ್ರೆಸ್‌ಗೆ ಹೋಗೋಣ. ಬಟ್ಟೆ ತೆಗೆದಿಟ್ಟುಕೋ,” ಎಂದರು.

ಫಣಿಗೆ ತಿಳಿಸಿದಾಗ ಅವನು ಕಿರುಚಿದ. ಇಂಟರ್ನೆಟ್ ಕನೆಕ್ಷನ್ ತನ್ನ ಹೆಸರಲ್ಲಿದೆ, ಸ್ವಲ್ಪ ದಿನ ಕಾಯಿರಿ, ಸಾಕ್ಷಿ ಇಲ್ಲದೆ ಅವರೇ ಬಿಟ್ಟುಬಿಡುತ್ತಾರೆ ಎಂದ. ಬರೆದವಳು ನಾನೆಂದು ಅವನಿಗೆ ಮೊದಲಿಂದಲೇ ಗೊತ್ತಿತ್ತು. ಅತ್ತಯ್ಯ ನನ್ನ ಕೈಯಿಂದ ಫೋನು ತೆಗೆದುಕೊಂಡು, “ನಾಳೆ ಮಧ್ಯಾಹ್ನ ರೈಲ್ವೆ ಸ್ಟೇಷನ್ನಿಗೆ ಬಾ,” ಎಂದಷ್ಟೇ ಹೇಳಿ ಇಟ್ಟರು.

ಜನವರಿ 10, ಶನಿವಾರ
ವಿಶಾಖಪಟ್ಟಣ

ಸ್ಟೇಷನ್ನಿಗೆ ಬಂದ ಫಣಿಯೊಡನೆ ಕಂಪನಿಗೆ ಹೋದೆವು. ದುರ್ಗಾಪ್ರಸಾದ್ ನಮ್ಮ ಮೂವರನ್ನೂ ಠಾಣೆಗೆ ಕರೆದುಕೊಂಡು ಹೋದರು. ಇನ್ಸ್‌ಪೆಕ್ಟರ್ ನಾನು ಹೇಳಿದ್ದನ್ನೆಲ್ಲ ಕೇಳಿ, ಪೆನ್ನು ಮೇಜಿನ ಮೇಲಿಟ್ಟರು. ನಂಬಲಿಲ್ಲ.

“ಅವನ ಹೆಂಡತಿ ನಿಮ್ಮ ಮನೆಗೆ ಬಂದಿದ್ದಳು. ಅತ್ತಳು. ನಿಮಗೆ ಮರುಕ ಬಂತು. ಅಷ್ಟೇ ಅಲ್ಲವಾ? ನೀವೇ ಬರೆದದ್ದಾದರೆ ತೆರೆದು ತೋರಿಸಿ.”

“ಅಳಿಸಿಬಿಟ್ಟೆ.”

“ಅಳಿಸಿಬಿಟ್ಟಿರಿ.” ನನ್ನ ಮಾತನ್ನೇ ಹಿಂದಕ್ಕೆ ಕೊಟ್ಟರು. ಒಂದು ಬಿಳಿ ಹಾಳೆ ನನ್ನ ಕಡೆ ದೂಡಿ, “ಸರಿ, ಅಂಥದ್ದೇ ಒಂದು ಈಗ ಬರೆಯಿರಿ. ನಗಿಸಿ,” ಎಂದರು.

ಪೆನ್ನು ಹಿಡಿದೆ. “ನಮಸ್ಕಾರ್ರಿ” ಎಂದು ಬರೆದೆ. ಮುಂದೆ ಏನೂ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರನ್ನೋ ಗದರಿಸುತ್ತಿದ್ದರು. ಗೋಡೆಯ ಮೇಲೆ ಕೈಕೋಳಗಳು ತೂಗುತ್ತಿದ್ದವು. ಆ ಒಂದು ಪದವನ್ನೇ ನೋಡುತ್ತ ಕೂತೆ.

ಕೊನೆಗೆ ಹಳೆಯ ಹಾಳೆಯನ್ನು ಎತ್ತಿಕೊಂಡೆ. ಬೆರಳಿಟ್ಟು ತೋರಿಸಿದೆ. “ಇದು ನಮ್ಮೂರಿನ ಮಾತು. ಇದೂ ನಮ್ಮೂರಿನದು. ಇದನ್ನು ನಮ್ಮವ್ವ ಹೀಗೆ ಅನ್ನುತ್ತಾಳೆ. ಶಂಕರಪ್ಪನವರ ಊರಿನಲ್ಲಿ ಹೀಗೆ ಅನ್ನುವುದಿಲ್ಲ. ಅವತ್ತು ಈ ಸರ್ ಕೇಳಿದರು. ಗೊತ್ತಿದ್ದೂ ಸುಳ್ಳು ಹೇಳಿದೆ.”

ದುರ್ಗಾಪ್ರಸಾದ್ ಮುಖ ಆ ಕಡೆ ತಿರುಗಿಸಿದರು.

“ಅವತ್ತು ಸುಳ್ಳು ಹೇಳಿದವರು ಇವತ್ತು ನಿಜ ಹೇಳುತ್ತಿದ್ದೀರಿ ಅಂತ ನಾನು ಹೇಗೆ ನಂಬಲಿ?” ಎಂದರು ಇನ್ಸ್‌ಪೆಕ್ಟರ್.

ಆಗ ಅತ್ತಯ್ಯ ಬೆಂಚಿನಿಂದ ಎದ್ದರು.

“ಅಯ್ಯಾ, ಯಾವ ಮನೆಯಿಂದ ಬರೆದರು ಅಂತ ಇಂಟರ್ನೆಟ್ ಕಂಪನಿಯವರು ಹೇಳುತ್ತಾರಂತೆ, ಟಿವಿಯಲ್ಲಿ ನೋಡಿದ್ದೇನೆ. ನಮ್ಮ ಮನೆಯ ಇಂಟರ್ನೆಟ್ ನಂಬರು ಬರೆದುಕೊಳ್ಳಿ. ಪಟಮಟ, ವಿಜಯವಾಡ. ಹೆಸರು ಫಣೀಂದ್ರ. ನನ್ನ ಮಗ.”

ಇನ್ಸ್‌ಪೆಕ್ಟರ್ ಫಣಿಯನ್ನು ನೋಡಿದರು. ಫಣಿ “ಅಮ್ಮಾ” ಎಂದ. ದನಿ ಸಣ್ಣ ಹುಡುಗನದಿತ್ತು. ಅತ್ತಯ್ಯ ಅವನ ಕಡೆ ತಿರುಗದೆ ನಂಬರನ್ನು ಇನ್ನೊಮ್ಮೆ ಹೇಳಿದರು, ನಿಧಾನವಾಗಿ. ಇನ್ಸ್‌ಪೆಕ್ಟರ್ ಪೆನ್ನು ಎತ್ತಿಕೊಂಡರು.

ಜನವರಿ 18, ಭಾನುವಾರ
ವಿಜಯವಾಡ

ಇಂಟರ್ನೆಟ್ ಕಂಪನಿಯ ದಾಖಲೆ ಬಂತು. ಶಂಕರಪ್ಪನವರನ್ನು ಬಿಟ್ಟರು, ಕಂಪನಿ ಮಾತ್ರ ಕೆಲಸಕ್ಕೆ ಮತ್ತೆ ಸೇರಿಸಿಕೊಳ್ಳಲಿಲ್ಲ. ಮಾಲು ಹೊರಗೆ ಕಳಿಸಿದ ರಾಮಮೋಹನರ ಕೆಲಸವೂ ಹೋಯಿತು. ಫಣಿಯ ಗೇಟ್ ಪಾಸ್ ಕಿತ್ತುಕೊಂಡು ಮನೆಗೆ ಕಳಿಸಿದ್ದಾರೆ. ಅವನು ಮಾತಾಡುವುದಿಲ್ಲ, ಕಿಟಕಿಯ ಹತ್ತಿರ ಕೂತಿರುತ್ತಾನೆ. ಕಂಪ್ಯೂಟರನ್ನು ಹೊತ್ತುಕೊಂಡು ಹೋದರು. ನನ್ನ ಮೇಲೆ ಕೇಸು. ಜಾಮೀನಿಗೆ ಅತ್ತಯ್ಯ ಮನೆಯ ಪತ್ರ ಇಟ್ಟರು. ಆಸ್ಪತ್ರೆಯವರು ಸದ್ಯಕ್ಕೆ ಬರಬೇಡಿ ಎಂದಿದ್ದಾರೆ.

ನಾಲ್ಕು ದಿನ ಕರೆದು ಕೇಳಿದರು. ಹಡಗಿಗಿಂತ ಹೆಚ್ಚು ದೀಪಸ್ತಂಭನ ಬಗ್ಗೆ. ಅವನು ಯಾರು, ಎಲ್ಲಿಯವನು, ಏನೇನು ಕೇಳಿದ, ನೀವು ಏನೇನು ಹೇಳಿದಿರಿ. ನೆನಪಿದ್ದಷ್ಟು ಹೇಳಿದೆ. ಅವನು ಬರೆದದ್ದು ಭಾರತದಿಂದಲ್ಲ ಎಂದು ಇನ್ಸ್‌ಪೆಕ್ಟರ್ ಒಮ್ಮೆ ಬಾಯಿ ತಪ್ಪಿ ಅಂದರು. ಎಲ್ಲಿಂದ ಎಂದು ಹೇಳಲಿಲ್ಲ.

ಫೆಬ್ರವರಿ 3, ಮಂಗಳವಾರ

ಶಂಕರಪ್ಪ, ಕಮಲಾ ಊರಿಗೆ ಹೊರಟಿದ್ದಾರೆ, ಅವರ ರೈಲು ಸಂಜೆ ವಿಜಯವಾಡದಲ್ಲಿ ನಿಲ್ಲುತ್ತದೆ ಎಂದು ಗೊತ್ತಾಯಿತು. ಅತ್ತಯ್ಯ ಚಪಾತಿ, ಮೊಸರನ್ನ ಕಟ್ಟಿದರು. ಸಕ್ಕರೆ ಕಾಯಿಲೆ ಎಂದು ಸಿಹಿ ಹಾಕಲಿಲ್ಲ. ಇಬ್ಬರೂ ಹೋದೆವು.

ಅವರ ಬೋಗಿ ಹುಡುಕಿದೆವು. ಕಮಲಾ ನನ್ನನ್ನು ಕಂಡು ಬಾಗಿಲಿಗೆ ಬಂದರು, ಕೆಳಗಿಳಿಯಲಿಲ್ಲ. ಒಳಗೆ ಕಿಟಕಿಯ ಪಕ್ಕ ಶಂಕರಪ್ಪ. ಅರ್ಧಕ್ಕರ್ಧ ಇಳಿದು ಹೋಗಿದ್ದಾರೆ. ನಾನು ಕೈ ಮುಗಿದೆ. ಅವರು ನೋಡಿದರು. ಯಾರೆಂದು ಗುರುತಾಯಿತೋ ಇಲ್ಲವೋ.

“ನೀವೇ ಹೋಗಿ ಹೇಳಿದ್ರಂತೆ,” ಎಂದರು ಕಮಲಾ.

“ಹೂಂನ್ರೀ.”

“ನಾ ನಿಮ್ ಬಾಗಿಲ್ಗೆ ಬಂದಿದ್ನಲ್ಲಮ್ಮಾ. ಆ ಕಾಗ್ದಾನೂ ತಂದಿದ್ದೆ. ಅವತ್ತೇ ಯಾಕೇಳ್ಲಿಲ್ಲ?”

“ಅಂಜಿಕಿ ಬಂದಿತ್ರೀ.”

ಕಮಲಾ ತಲೆಯಾಡಿಸಿದರು. ಬಯ್ಯಲಿಲ್ಲ. “ಅಂಜ್ಕೆ ನಮ್ಗೂ ಇತ್ತು,” ಎಂದರು.

ಅತ್ತಯ್ಯ ಪೊಟ್ಟಣ ಚಾಚಿದರು. ಕಮಲಾ ಅವರ ಮುಖ ನೋಡಿ, ತೆಗೆದುಕೊಂಡರು. ಅಷ್ಟರಲ್ಲಿ ಪ್ಲಾಟ್‌ಫಾರಂ ಮೇಲೆ ಇಬ್ಬರು ರೈಲ್ವೆ ಪೊಲೀಸರು ಏನೋ ಹರಟುತ್ತ, ನಗುತ್ತ ಬಂದರು. ಶಂಕರಪ್ಪ ಅವರನ್ನು ಕಂಡ ಕೂಡಲೇ ಕಿಟಕಿಯ ಷಟರನ್ನು ಎಳೆಯತೊಡಗಿದರು. ಅದು ಸಿಕ್ಕಿಕೊಂಡಿತ್ತು. ಎರಡೂ ಕೈಯಿಂದ ಜಗ್ಗಿದರು, ಬರಲಿಲ್ಲ. ಕೊನೆಗೆ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಕೂತರು. ಪೊಲೀಸರು ದಾಟಿ ಹೋದರು.

ರೈಲು ಹೊರಟ ಮೇಲೂ ಶಂಕರಪ್ಪ ಕೈ ತೆಗೆದಿರಲಿಲ್ಲ.